ಬಾಡಿಗೆ ತೊಟ್ಟಿ

ಚಪ್ಪಲಿ ಅಂಗಡಿಯ ಅಕ್ಕನಿಗೆ ಬೆಳಿಗ್ಗೆಯೇ ಸಾಕುಸಾಕಾಗಿತ್ತು. ಅಂಗಡಿ ರಿಪೇರಿಯ ಕಸ ಸಾಗಿಸಲೆಂದು ಬಾಡಿಗೆಗೆ ತರಿಸಿದ್ದ ದೊಡ್ಡ ಕಬ್ಬಿಣದ ತೊಟ್ಟಿ ಬಾಗಿಲ ಮುಂದೆ ನಿಂತಿತ್ತು. ನಿನ್ನೆಯಿಡೀ ಅವಳೊಬ್ಬಳೇ ಹಳೆಯ ಹಲಗೆಗಳನ್ನು, ಒಡೆದ ಕನ್ನಡಿಯನ್ನು, ಒಂಟಿ ಚಪ್ಪಲಿಗಳ ಮೂಟೆಯನ್ನು ಹೊತ್ತು ಹಾಕಿ ಸೊಂಟ ಹಿಡಿಸಿಕೊಂಡಿದ್ದಳು. ಈಗ ನೋಡಿದರೆ ಮೇಲೆ ಯಾರದೋ ಹಾಸಿಗೆ, ಕಾಲು ಮುರಿದ ಸೋಫಾ. ಬಿಟ್ಟಿ ಸಿಕ್ಕಿತೆಂದು ಬೀದಿಗೆ ಬೀದಿಯೇ ಮನೆ ಖಾಲಿ ಮಾಡಿತ್ತು.

"ಅಕ್ಕಾ, ಅಂಚು ಮೀರಿ ತುಂಬಿದ್ರೆ ನಾನು ಎತ್ತಲ್ಲ. ಸೋಫಾ ಇಳಿಸಿಬಿಡಿ," ಎಂದ ತೊಟ್ಟಿ ಒಯ್ಯಲು ಬಂದಿದ್ದ ಲಾರಿಯವನು.

ಗೊಣಗುತ್ತಲೇ ಅವನ ಜೊತೆ ಸೇರಿ ಸೋಫಾ ಇಳಿಸಿ, ಒಳಗೆ ಇಣುಕಿದಳು. ಹಾಸಿಗೆಯ ಕೆಳಗೆ ಇನ್ನೊಂದು ಹಾಸಿಗೆ, ಅದರ ಕೆಳಗೆ ತುಕ್ಕು ಹಿಡಿದ ಫ್ರಿಜ್ಜು. ತಾನು ಹಾಕಿದ್ದು ಒಂದೂ ಇಲ್ಲ.

"ರೀ, ನಮ್ಮ ಹಲಗೆ ಎಲ್ಲಿ?"

ಬಾಗಿಲಲ್ಲಿ ನಿಂತಿದ್ದ ಗಂಡ ತಲೆ ಕೆರೆದುಕೊಂಡ. "ಗಟ್ಟಿ ಮರ ಕಣೇ. ನಾಳೆ ಯಾವುದಕ್ಕಾದ್ರೂ ಬೇಕಾಗುತ್ತೆ ಅಂತ ಹಿತ್ತಿಲ ಕೋಣೇಲಿಟ್ಟೆ."

"ಒಂಟಿ ಚಪ್ಪಲಿಗಳು?"

"ಜೋಡಿ ಎಲ್ಲಾದ್ರೂ ಸಿಕ್ಕೀತು."

ಮದುವೆಯಾದಾಗಿನಿಂದ ಇದೇ ಹಾಡು. ಅವಳು ಎಸೆಯುವುದು, ಅವನು ಎತ್ತಿಡುವುದು.

ಬೀದಿಯ ಕಸವನ್ನೆಲ್ಲ ಹೊತ್ತು ಲಾರಿ ಹೊರಟುಹೋಯಿತು. ಅವಳು ಆ ವಾಲಿದ ಸೋಫಾದ ಮೇಲೆಯೇ ಕುಸಿದು ಕೂತಳು. ಗಂಡ ಮೆಲ್ಲಗೆ ಪಕ್ಕಕ್ಕೆ ಬಂದು ಅದರ ಕೈಯನ್ನು ಒತ್ತಿ, ತಟ್ಟಿ ನೋಡಿದ.

"ಕಾಲೊಂದು ಹಾಕಿಸಿದ್ರೆ ಸಾಕು ಕಣೇ," ಎಂದ.