ಸೋಲನ್ನೂ ಓದಿದ ಕಾರ್ಯದರ್ಶಿ

ನಮ್ಮ ರಗ್ಬಿ ಸಂಘದ ಕಾರ್ಯದರ್ಶಿಗೆ ರಸೆಲ್ ಮಾರುಕಟ್ಟೆಯಲ್ಲಿ ಹಣ್ಣಿನ ಅಂಗಡಿ ಇತ್ತು. ಪಂದ್ಯ ಮುಗಿಸಿ ಮೈಯೆಲ್ಲ ಕೆಸರಾಗಿ ಬರುತ್ತಿದ್ದ ಹುಡುಗಿಯರಿಗೆ ಮೋಸಂಬಿ ಸುಲಿದು ಕೊಡುತ್ತ, "ಸ್ಕೋರು ಆಮೇಲೆ ಹೇಳಿ, ಮೊದ್ಲು ತಿನ್ನಿ ಬೇಟಾ" ಎನ್ನುತ್ತಿದ್ದರು.

ಆ ವರ್ಷ ನಮ್ಮ ಮಹಿಳಾ ತಂಡ ಒಂದು ಪಂದ್ಯವನ್ನೂ ಗೆಲ್ಲಲಿಲ್ಲ. ಹಲಸೂರಿನಲ್ಲಿ ನಡೆದ ವಾರ್ಷಿಕ ಸಭೆಯಲ್ಲಿ ಅವರು ವರ್ಷದ ವರದಿ ಓದಲು ನಿಂತಾಗ ಅಧ್ಯಕ್ಷರು, "ಗೆದ್ದಿದ್ದಷ್ಟೇ ಓದಿ ಭಾಯ್, ಟೈಮಿಲ್ಲ" ಎಂದರು. ಇವರು ಕನ್ನಡಕವನ್ನು ಹಣೆಗೇರಿಸಿ ನಕ್ಕರು. ನಮ್ಮ ಸೋಲುಗಳನ್ನೆಲ್ಲ ಓದಿದರು. ಆಮೇಲೆ ನಮ್ಮನ್ನು ಒಬ್ಬೊಬ್ಬರನ್ನೇ ಹೆಸರು ಹಿಡಿದು ಕರೆದು ಎದ್ದು ನಿಲ್ಲಿಸತೊಡಗಿದರು.

ನನ್ನ ಪಕ್ಕದಲ್ಲಿ, ಮೊದಲು ನಮ್ಮ ಜೊತೆಗೇ ಆಡುತ್ತಿದ್ದ ಹೊರಮಾವಿನ ಗೆಳತಿ ಕೂತಿದ್ದಳು. ಮಂಡಿಯ ಆಪರೇಷನ್ ಆದಮೇಲೆ ಅವಳು ಇನ್ನು ಆಡುವಂತಿಲ್ಲ ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಅವತ್ತಿನಿಂದ ಮೈದಾನದ ಕಡೆಗೇ ಬಂದಿರಲಿಲ್ಲ. ಅವಳ ಹೆಸರೂ ಬಂತು.

"ನಾನೀಗ ಟೀಮಲ್ಲಿಲ್ಲ ಸರ್," ಎಂದಳು ಕೂತಲ್ಲಿಂದಲೇ.

"ಮಂಡಿ ಕೈಕೊಡ್ತು ಬೇಟಾ, ನೀನು ಕೈಕೊಟ್ಟಿಲ್ವಲ್ಲ. ಏಳು."

ಅಧ್ಯಕ್ಷರು ವಾಚು ನೋಡಿಕೊಳ್ಳುತ್ತಿದ್ದರು. ಅವಳು ನನ್ನ ಭುಜ ಹಿಡಿದು, ನಿಧಾನವಾಗಿ ಎದ್ದು, ನೆಟ್ಟಗೆ ನಿಲ್ಲುವವರೆಗೂ ಕಾರ್ಯದರ್ಶಿ ಮುಂದಿನ ಹೆಸರು ಓದಲಿಲ್ಲ.