ಸೀಟಮ್ಮನ ಮನೆಯ ನಾಲ್ಕು ಗೇರು

ಆ ಮನೆಯ ಬಾಗಿಲು ಮಡಚಿಕೊಂಡು ತೆರೆಯುತ್ತದೆ. ಯಾಕೆಂದರೆ ಅದು ಬಸ್ಸಿನ ಬಾಗಿಲು! ನಿಜವಾದ ಬಸ್ಸಿನದು, 'ಬಸ್ಸು ನಿಂತ ಮೇಲೆ ಇಳಿಯಿರಿ' ಎಂಬ ಬರಹ ಸಮೇತ. ನಾನು ಬಾಯಿ ಬಿಟ್ಟುಕೊಂಡು ಹೊರಗೇ ನಿಂತಿದ್ದೆ. ಸ್ಕೂಟರಿನಲ್ಲಿ ನನ್ನನ್ನು ಕರೆತಂದಿದ್ದ ಪಕ್ಕದ ಮನೆಯ ಅಕ್ಕ, "ಒಳಗ್ ಬಾರೇ, ಟಿಕೆಟ್ ಏನೂ ಬೇಕಾಗಿಲ್ಲ" ಎಂದಳು.

ಅದು ಅಕ್ಕನ ತವರುಮನೆ. ಮನೆ ಪೂರ್ತಿ ಗುಜರಿಗೆ ಹೋದ ಬಸ್ಸುಗಳ ಸಾಮಾನಿನಿಂದಲೇ ಆಗಿದೆ ಎಂದು ಅವಳು ಬಾಯಿತಪ್ಪಿ ಹೇಳಿದ ದಿನದಿಂದ, ನೋಡಬೇಕು ನೋಡಬೇಕು ಎಂದು ನಾನು ಅವಳ ತಲೆ ತಿಂದಿದ್ದೆ. ಆದರೆ ಆ ಭಾನುವಾರ ಅವಳು ಹೊರಟದ್ದು ನನಗೆ ಮನೆ ತೋರಿಸುವುದಕ್ಕಲ್ಲ. ಸ್ಕೂಟರಿನ ಮುಂದೆ ಒಂದು ದೊಡ್ಡ ಖಾಲಿ ಸೂಟ್‌ಕೇಸ್ ಇಟ್ಟುಕೊಂಡು, ಕಾಲಿಡಲು ಜಾಗವಿಲ್ಲದೆ ಮಂಡಿ ಮುದುರಿಕೊಂಡೇ ದಾರಿಯುದ್ದಕ್ಕೂ ಓಡಿಸಿದ್ದಳು.

ಅಕ್ಕನ ಅಪ್ಪ ಮೂವತ್ತೊಂದು ವರ್ಷ ಬಸ್ ಡ್ರೈವರ್ ಆಗಿದ್ದವರು. ಎರಡು ವರ್ಷದ ಹಿಂದೆ ಅವರ ಕಣ್ಣು ಪೂರ್ತಿ ಹೋಯಿತು. ಅಲ್ಲಿಂದ ಕುರ್ಚಿ ಬಿಟ್ಟು ಏಳಬೇಕಾದರೆ ಹೆಂಡತಿಯ ಹೆಗಲೇ ಬೇಕು. ಹೋದ ತಿಂಗಳು ಇಬ್ಬರೂ ಒಟ್ಟಿಗೆ ಬಿದ್ದರು, ಅಮ್ಮನ ಮಣಿಕಟ್ಟು ಉಳುಕಿತು. ಅಕ್ಕ ನರ್ಸು, ಅವಳ ಮಾತೆಂದರೆ ಮಾತು. ಈ ಭಾನುವಾರದೊಳಗೆ ಅಪ್ಪ ಒಬ್ಬರೇ ಕುರ್ಚಿಯಿಂದ ಬಚ್ಚಲಿಗೆ, ಬಚ್ಚಲಿನಿಂದ ಜಗಲಿಗೆ ನಡೆಯದಿದ್ದರೆ ಇಬ್ಬರೂ ಮೂರನೇ ಮಹಡಿಯ ಅವಳ ಮನೆಗೆ ಬರಬೇಕು, ಈ ಮನೆಗೆ ಬೀಗ.

ಒಳಗೆ ಹೋದರೆ, ಅಬ್ಬಾ! ಎಲ್ಲಿಂದ ನೋಡಲಿ? ಅಡುಗೆಮನೆಯ ಕಿಟಕಿ ಬಸ್ಸಿನ ಗಾಜಿನ ಕಿಟಕಿ, ಜಾರಿಸಿದರೆ ಕಟಕಟ ಸದ್ದು ಮಾಡುತ್ತ ತೆರೆಯುತ್ತದೆ. ಪಾತ್ರೆಗಳೆಲ್ಲ ಲಗೇಜ್ ಇಡುವ ಜಾಲರಿಯ ಮೇಲೆ. ಊಟದ ಮೇಜಿನ ಮೇಲೆ ಹೆಡ್‌ಲೈಟಿನ ದೀಪ. ಮುಖ ತೊಳೆಯುವಲ್ಲಿ ಡ್ರೈವರ್ ಪಕ್ಕದ ಉಬ್ಬುಕನ್ನಡಿ, ಅದರಲ್ಲಿ ನನ್ನ ಮೂಗು ಊರಗಲ ಕಂಡಿತು. ಸೋಫಾ ಎಂದರೆ ಮೂರು ಜನರ ಸೀಟು. ಅದರ ಬೆನ್ನಿನ ಮೇಲೆ ಯಾರೋ ಪೆನ್ನಿನಲ್ಲಿ ಬರೆದ ಹೃದಯ, ಬಾಣ, ಅರ್ಧ ಬಿಟ್ಟ ಲೆಕ್ಕದ ಹೋಂವರ್ಕ್!

"ಅದನ್ನ ಅಳಿಸಿಲ್ಲ. ಪಾಪ, ಯಾವ ಮಗು ಉತ್ತರ ಹುಡುಕ್ತಾ ಇತ್ತೋ" ಎಂದರು ಅಕ್ಕನ ಅಮ್ಮ. ಇಪ್ಪತ್ತಾರು ವರ್ಷ ಡಿಪೋದಲ್ಲಿ ಸೀಟು ಹೊಲಿದವರು. ಡಿಪೋದವರಿಟ್ಟ ಹೆಸರು ಸೀಟಮ್ಮ. ಈಗ ಪೋಸ್ಟ್‌ಮ್ಯಾನ್ ಕೂಡ ಹಾಗೇ ಕೂಗುತ್ತಾನಂತೆ. ಗಿಡ್ಡ ಆಳು, ಬಲಗೈಗೆ ಬ್ಯಾಂಡೇಜು, ಸೀರೆಯ ಸೆರಗಿನಲ್ಲಿ ಚುಚ್ಚಿಕೊಂಡ ಬಾಗಿದ ಸೂಜಿ.

ನಾನು ಗೋಡೆಯ ಚಿತ್ರದ ಮುಂದೆ ನಿಂತವಳು ಅಲ್ಲಾಡಲಿಲ್ಲ. ಗೋಡೆಯಷ್ಟೇ ಅಗಲ. ಬೆಳಗಿನ ಬಸ್‌ಸ್ಟ್ಯಾಂಡು, ಮಂಜು, ಮೂಟೆ ಹೊತ್ತವರು, ಮೇಲೆ, ಹೇಗೆ ಹೇಳಲಿ, ನೀಲಿಯೂ ಅಲ್ಲದ ಬೂದಿಯೂ ಅಲ್ಲದ ಒಂದು ಆಕಾಶ. ಹತ್ತಿರ ಹೋದರೆ ಎಲ್ಲವೂ ಹಳೇ ಸೀಟಿನ ರೆಕ್ಸಿನ್ ಚೂರು! ಬಣ್ಣದ ಒಂದು ಹನಿಯಿಲ್ಲ, ಬರೀ ಹೊಲಿಗೆ.

"ಅಜ್ಜಿ, ಈ ಬಣ್ಣ ಎಲ್ಲಿ ಸಿಕ್ತು?"

"ಅಂಗಡೀಲಿ ಸಿಗಲ್ಲಮ್ಮ ಅದು. ಹದಿನಾಲ್ಕು ವರ್ಷ ಜನ ಕೂತು ಎದ್ದು, ಕೂತು ಎದ್ದು ಮಾಡಿರೋ ಬಣ್ಣ. ನಾನು ಕಾದು ಕತ್ತರಿಸಿದ್ದು ಅಷ್ಟೇ."

"ಅಂದ್ರೆ ಊರೋರ ಅಂಡು ಉಜ್ಜಿದ ಆಕಾಶ!" ಮೂಲೆಯಿಂದ ಒಂದು ದನಿ ಬಂತು.

ಡ್ರೈವರ್ ತಾತ. ಸ್ಪ್ರಿಂಗಿನ ಡ್ರೈವರ್ ಸೀಟಿನಲ್ಲಿ ಕೂತು, ಗಡ್ಡ ನುಣ್ಣಗೆ ಬೋಳಿಸಿಕೊಂಡು, ಗೋಡೆಯತ್ತ ಮುಖ ಮಾಡಿ ನಗುತ್ತಿದ್ದರು.

ಅಕ್ಕ ಸೂಟ್‌ಕೇಸನ್ನು ನೆಲಕ್ಕಿಟ್ಟ ಸದ್ದಿಗೆ ಆ ನಗು ನಿಂತಿತು.

"ಅಮ್ಮ, ಅಪ್ಪ ಹಿಡ್ಕೊಂಡು ನಡೆಯೋಕೆ ಕಂಬಿ ಹಾಕಿಸ್ತೀನಿ ಅಂತ ನೀನು ಅಂದಿದ್ದೆ. ಅಪ್ಪ ಮುಟ್ಟೋದೇ ಇಲ್ಲ ಅಂತ ಆಮೇಲೆ ನೀನೇ ಹೇಳ್ದೆ. ಹಟ ಮಾಡೋರ ಜೊತೆ ನಾನೇನ್ ಮಾಡ್ಲಿ?"

"ಹಟ ಅಲ್ಲ ಕಣೆ. ತಪ್ಪು ನಂದು" ಎಂದು ಸೀಟಮ್ಮ ನಡೆದದ್ದನ್ನು ಹೇಳಿದರು.

ಬಿದ್ದ ಮರುವಾರವೇ ಅವರು ಗುಜರಿಯಿಂದ ಬಸ್ಸಿನ ಕಂಬಿಗಳನ್ನು ತರಿಸಿ, ಡಿಪೋದ ವೆಲ್ಡರನ್ನು ಕರೆಸಿ, ಕುರ್ಚಿಯಿಂದ ಜಗಲಿಯವರೆಗೆ ಬಲಗಡೆ ಗೋಡೆಗೆ ಹೆಗಲೆತ್ತರದಲ್ಲಿ ಕೂರಿಸಿದ್ದರು. ತಾತ ಒಮ್ಮೆ ಮುಟ್ಟಿ ನೋಡಿ ಕೈ ಹಿಂದಕ್ಕೆ ತೆಗೆದುಕೊಂಡರು. "ಇಷ್ಟು ವರ್ಷ ಬಸ್ಸಲ್ಲಿದ್ದೆ, ಒಂದಿನಾನೂ ನಿಂತ್ಕೊಂಡು ಹೋಗಿಲ್ಲ. ಈಗ ಕಂಬಿ ಹಿಡ್ಕೊಂಡು ನೇತಾಡ್ಲಾ?" ಎಂದರಂತೆ.

"ನಾನು ಜೀವಮಾನ ಪೂರ್ತಿ ಪ್ಯಾಸೆಂಜರ್ ಬಗ್ಗೇನೇ ಯೋಚ್ನೆ ಮಾಡ್ದೋಳು. ಮನೇಲಿರೋದು ಡ್ರೈವರ್ ಅನ್ನೋದೇ ಮರೆತ್ಬಿಟ್ಟೆ. ಒಂದಿನ ಮಧ್ಯಾಹ್ನ ಇವ್ರು ಕೂತಲ್ಲೇ ನಿದ್ದೆ ಹೋಗಿದ್ರು. ನೋಡ್ತೀನಿ, ಎಡಗೈ ಸೊಂಟದ ಪಕ್ಕ ಇಳೀತು, ಮುಷ್ಟಿ ಕಟ್ತು, ಮುಂದಕ್ಕೆ ನೂಕ್ತು, ಹಿಂದಕ್ಕೆ ಎಳೀತು. ನಿದ್ದೇಲಿ ಗೇರ್ ಹಾಕ್ತಾ ಇದ್ರು ಕಣೆ!"

ಮರುದಿನವೇ ಅಷ್ಟೂ ಕಂಬಿ ಕಿತ್ತರು. ಈಗ ಅವು ಎಡಗಡೆಗೆ, ಸೊಂಟದ ಎತ್ತರಕ್ಕೆ ಬಂದಿವೆ. ತಿರುವು ಇರುವಲ್ಲೆಲ್ಲ ಕಂಬಿಯ ತುದಿಗೆ ಒಂದೊಂದು ಗೇರ್ ಹಿಡಿಯ ಗುಂಡು, ಒಟ್ಟು ನಾಲ್ಕು. ಒಂದು ಮರದ್ದು, ಒಂದು ಬಿರುಕು ಬಿಟ್ಟದ್ದಕ್ಕೆ ದಾರ ಸುತ್ತಿದ್ದು. ಎಲ್ಲವೂ ತಾತ ಓಡಿಸಿದ ಬಸ್ಸುಗಳವೇ. ವೆಲ್ಡರ್ ನಿನ್ನೆ ಸಂಜೆಯಷ್ಟೇ ಕೆಲಸ ಮುಗಿಸಿದ್ದ. ತಾತ ಇನ್ನೂ ಒಂದು ಹೆಜ್ಜೆಯನ್ನೂ ಇಟ್ಟಿರಲಿಲ್ಲ.

ಸೀಟಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು ತಲೆಯ ಮೇಲಿದ್ದ ಹಗ್ಗ ಎಳೆದರು. ಟಿಂಗ್ ಟಿಂಗ್! ಕಂಡಕ್ಟರ್ ಎಳೆಯುವ ಅದೇ ಗಂಟೆ.

"ರೈಟ್ ರೀ, ಡ್ರೈವರ್ ಸಾಹೇಬ್ರೇ."

ತಾತ ಎದ್ದರು. ಎಡಗೈ ಕೆಳಗಿಳಿಯಿತು, ಕಂಬಿ ಅಲ್ಲೇ ಇತ್ತು.

"ಅಪ್ಪಾ, ಹುಷಾ—"

"ಶ್! ಓಡೋ ಗಾಡೀಲಿ ಡ್ರೈವರ್ ಹತ್ರ ಮಾತಾಡ್ಬಾರ್ದು" ಎಂದು ಸೀಟಮ್ಮ ಮಗಳ ತಲೆಯ ಮೇಲೆ ಬೆರಳು ತೋರಿಸಿದರು. ಅಲ್ಲಿ ಹಳೆಯ ಬೋರ್ಡು ಅದನ್ನೇ ಹೇಳುತ್ತಿತ್ತು.

ಮೊದಲನೇ ಗುಂಡು. ಅಂಗೈ ಅದನ್ನು ಪೂರ್ತಿ ಮುಚ್ಚಿತು. ತಾತನ ಬೆನ್ನು ನೆಟ್ಟಗಾದದ್ದನ್ನು ನಾನು ಕಣ್ಣಾರೆ ಕಂಡೆ! ಎರಡನೆಯದು, ಬಚ್ಚಲಿನ ಬಾಗಿಲು. "ಇದು ಘಾಟಿ ರೂಟಿನ ಗಾಡೀದು. ಬಡ್ಡಿಮಗಂದು, ಸೆಕೆಂಡ್ ಗೇರ್ ಬೀಳ್ತಾನೇ ಇರ್ಲಿಲ್ಲ" ಎಂದು ಅದನ್ನು ತಟ್ಟಿದರು. ಮೂರನೆಯದರಲ್ಲಿ ತಿರುಗಿದರು. ಮುಂದೆ ಜಗಲಿಯವರೆಗೆ ಉದ್ದನೆಯ ನೇರ ದಾರಿ. ಅದರ ನಟ್ಟನಡುವೆ ಕಂಬಿಗೆ ಒರಗಿ ಕೂತಿತ್ತು, ಅಯ್ಯೋ ನನ್ನ ಕರ್ಮವೇ, ಚಿತ್ರ ನೋಡುವ ಅವಸರದಲ್ಲಿ ನಾನು ಬಿಸಾಡಿದ್ದ ನನ್ನ ಕಾಲೇಜ್ ಬ್ಯಾಗು!

ಕೂಗಬೇಕು ಎನ್ನುವಷ್ಟರಲ್ಲಿ ತಾತನ ಕಾಲು ತಗುಲಿತು. ಮೈ ಮುಂದಕ್ಕೆ ವಾಲಿತು. ಅಕ್ಕ ಮುಂದಕ್ಕೆ ನುಗ್ಗಿದಳು. ಸೀಟಮ್ಮ ಬ್ಯಾಂಡೇಜಿನ ಕೈಯಲ್ಲೇ ಅವಳ ತೋಳು ಹಿಡಿದರು. ನೋವಿಗೆ ಅವರ ಮುಖ ಕಿವುಚಿಕೊಂಡಿತು, ಹಿಡಿತ ಮಾತ್ರ ಬಿಡಲಿಲ್ಲ.

ತಾತ ಕಂಬಿಯನ್ನು ಬಿಗಿಯಾಗಿ ಹಿಡಿದು ನಿಂತುಕೊಂಡರು.

"ಯಾರ್ರೀ ಅದು, ನಡುರಸ್ತೇಲಿ ಪಾರ್ಕಿಂಗ್ ಮಾಡಿರೋದು?"

ತಾತ ಹಿಂದಕ್ಕೆ ಒಂದು ಹೆಜ್ಜೆ ಇಟ್ಟರು, ಇನ್ನೊಂದು ಇಟ್ಟರು. ಕೈ ಮೂರನೇ ಗುಂಡನ್ನು ಹುಡುಕಿ ತನ್ನತ್ತ ಎಳೆಯಿತು. "ರಿವರ್ಸ್" ಎಂದು ತಮಗೇ ಹೇಳಿಕೊಂಡರು. ಆಮೇಲೆ ಕಂಬಿಯನ್ನೇ ಬಿಟ್ಟರು! ಬ್ಯಾಗನ್ನು ಬಳಸಿಕೊಂಡು ಬಯಲಲ್ಲಿ ಮೂರು ಹೆಜ್ಜೆ. ಎಡಗೈ ಸೊಂಟದ ಪಕ್ಕ ಗಾಳಿಯಲ್ಲಿ ಮುಷ್ಟಿ ಕಟ್ಟಿಕೊಂಡೇ ಇತ್ತು, ಅಲ್ಲಿ ನಮಗೆ ಕಾಣದ ಗೇರೊಂದು ಇರುವ ಹಾಗೆ. ನಾಲ್ಕನೇ ಹೆಜ್ಜೆಗೆ ಕಂಬಿ ಸಿಕ್ಕಿತು. ಅದರ ತುದಿಯಲ್ಲಿ ನಾಲ್ಕನೇ ಗುಂಡು. ಹೆಬ್ಬೆರಳಿನಷ್ಟು ತಗ್ಗು ಬಿದ್ದಿದ್ದ ಕಪ್ಪು ಗುಂಡು. ತಾತನ ಹೆಬ್ಬೆರಳು ಆ ತಗ್ಗಿನಲ್ಲಿ ಹೋಗಿ ಕೂತಿತು.

"ಏ ಇವಳೇ… ಇದು ನನ್ನ ಕೊನೇ ಗಾಡೀದು."

"ಹೂಂ ರೀ."

"ಪೂರ್ತಿ ತುಂಡು ಮಾಡಿ ಕರಗ್ಸಿದ್ರಲ್ಲೇ ಅದನ್ನ!"

"ಕರಗ್ಸಿದ್ರು. ಕೈ ಇಟ್ಟ ಜಾಗ ನಾನು ಮೊದ್ಲೇ ಬಿಚ್ಕೊಂಡು ಬಂದಿದ್ದೆ."

ತಾತ ಜಗಲಿಗೆ ದಾಟಿ ಕುರ್ಚಿಯಲ್ಲಿ ಕೂತರು. ಪಕ್ಕದಲ್ಲಿ ಹ್ಯಾಂಡ್‌ಬ್ರೇಕ್ ಇತ್ತು. ಕೈ ಅದನ್ನು ತಾನಾಗಿಯೇ ಹುಡುಕಿ ಎಳೆಯಿತು. ಕರ್ರ್! "ಎಲ್ಲಾ ಇಳ್ಕೊಳಿ, ಗಾಡಿ ಮುಂದಕ್ಕೆ ಹೋಗಲ್ಲ" ಎಂದು ಕೂಗಿದರು.

ಅಕ್ಕ ಅಳುತ್ತಲೇ ನನ್ನ ತಲೆಗೊಂದು ಮೊಟಕಿದಳು. "ಎಲ್ಲೆಂದ್ರಲ್ಲಿ ಬ್ಯಾಗ್ ಎಸೀತೀಯಲ್ಲ, ಬುದ್ಧಿ ಇದೆಯೇನೇ ನಿಂಗೆ?" ಎಂದು ಬೈದು, ಆಮೇಲೆ ನನ್ನ ಹೆಗಲಿಗೇ ಮುಖ ಒರೆಸಿಕೊಂಡಳು. ಜಗಲಿಗೆ ಹೋಗಿ ಅಪ್ಪನ ಕಾಲ ಬಳಿ ಕೂತು, "ನಾಳೆ ಬ್ಯಾಗ್ ಇಲ್ದೆ ಇನ್ನೊಂದ್ ಟ್ರಿಪ್ ಹೊಡೀಬೇಕು" ಎಂದಳು.

"ದಿನಕ್ಕೆ ನಾಲ್ಕು ಟ್ರಿಪ್ ನನ್ ಡ್ಯೂಟಿ" ಎಂದರು ತಾತ.

ಸೀಟಮ್ಮ ಆಗಲೇ ಸೂಟ್‌ಕೇಸಿನ ಮುಂದೆ ಕುಕ್ಕರುಗಾಲಲ್ಲಿ ಕೂತು ಅದರ ಮೈ ಸವರುತ್ತಿದ್ದರು. "ಚಕ್ರ ಗಟ್ಟಿಯಾಗಿದೆ. ಬಟ್ಟೇನೂ ಚೆನ್ನಾಗಿದೆ. ವಾಪಸ್ ತಗೊಂಡು ಹೋಗ್ತೀಯಾ?"

"ಬೇಡಮ್ಮ" ಎಂದಳು ಅಕ್ಕ. "ಇಟ್ಕೋ."

ಸೀಟಮ್ಮ ಸೆರಗಿನಿಂದ ಸೂಜಿ ತೆಗೆದು ಅದರ ಅಂಚಿನ ಹೊಲಿಗೆಗೆ ಚುಚ್ಚಿದರು. ಮನೆಗೆ ವಾಪಸ್ಸಾಗುವಾಗ ಅಕ್ಕ ಸ್ಕೂಟರಿನಲ್ಲಿ ಕಾಲು ಚಾಚಿಕೊಂಡು ಕೂತಿದ್ದಳು. ಹಿಂದೆ ಕೂತ ನಾನು ಎಡಗೈಯನ್ನು ಸೊಂಟದ ಪಕ್ಕ ಇಳಿಬಿಟ್ಟು, ಮುಷ್ಟಿ ಕಟ್ಟಿ, ಒಂದು, ಎರಡು, ಮೂರು, ನಾಲ್ಕು ಎಂದು ಮನೆ ಬರುವ ತನಕ ಗೇರ್ ಹಾಕುತ್ತಲೇ ಇದ್ದೆ.