ಜೋಳದ ಕಾಳಿನಷ್ಟು ಜರುಗಿದ ಗಂಧಾರ

ನಮ್ಮ ಅಕ್ಕನ ಸಿತಾರದ ಗಂಧಾರವನ್ನು, ಸರಿಗಮದ ಆ ‘ಗ’ವನ್ನು, ಅದರ ಜಾಗದಿಂದ ಎಬ್ಬಿಸಿದವಳು ನಾನು. ಜರುಗಿಸಿದ್ದು ಒಂದು ಜೋಳದ ಕಾಳಿನಷ್ಟು ಮಾತ್ರ, ಅದೇನು ಮಹಾ ಎಂದು ಬಹಳ ವರ್ಷ ನನಗೆ ನಾನೇ ವಕೀಲಿ ಮಾಡಿಕೊಂಡೆ. ಆ ವಕೀಲಿ ಈಗ ಸಾಕಾಗಿದೆ.

ಆ ಸಿತಾರವನ್ನು ಮೀರಜಿನಿಂದ ಇಳಕಲ್ಲಿನ ನಮ್ಮ ಮನೆಗೆ ತಂದವರು ಅಪ್ಪ. ಅವರು ಸಾಲಿ ಮಾಸ್ತರರು. ಸಿತಾರದ ದಂಡಿಯ ಮೇಲೆ ಬಾಗಿದ ಹಿತ್ತಾಳೆ ಕಡ್ಡಿಗಳಿರುತ್ತವಲ್ಲ, ಅವಕ್ಕೆ ಪರದೆ ಅನ್ನುತ್ತಾರೆ. ಒಂದೊಂದು ಪರದೆ ಒಂದೊಂದು ಸ್ವರದ ಮನೆ. ವೀಣೆಯಲ್ಲಾದರೆ ಮೇಣ ಹಾಕಿ ಕೂರಿಸಿಬಿಡುತ್ತಾರೆ. ಸಿತಾರದಲ್ಲಿ ದಾರದಿಂದ ಕಟ್ಟಿರುತ್ತಾರೆ, ಬೇಕಾದಾಗ ಅತ್ತಿತ್ತ ಜರುಗಿಸಬಹುದು. ದಾರಕ್ಕೆ ನಾವು ದೂರ ಹೋಗುತ್ತಿರಲಿಲ್ಲ. ಪಕ್ಕದ ಮನೆಯ ಮಗ್ಗದವರು ಸೆರಗಿಗೆ ಹಾಕಿ ಉಳಿದ ಕೆಂಪು ರೇಷ್ಮೆ ಎಳೆ ಕೊಡುತ್ತಿದ್ದರು. ಹೀಗಾಗಿ ನಮ್ಮ ಸಿತಾರವೂ ಒಂದು ಥರ ಇಳಕಲ್ ಸೀರೆ ಉಟ್ಟುಕೊಂಡೇ ಇತ್ತು.

ಎಪ್ಪತ್ತರ ದಶಕದ ಮೊದಲಿಗೆ ಅಪ್ಪ ಅಕ್ಕನಿಗೂ ನನಗೂ ಪರದೆ ಕಟ್ಟುವುದನ್ನು ಕಲಿಸಲು ಕೂತರು. "ದಪ್ಪ ತಂತಿ ಮೀಟ್ರಿ. ಮೀಟಿ ಸುಮ್ಮನ ಕೂಡ್ರಿ. ಅದು ಷಡ್ಜ ಹಾಡತೈತಿ, ಆದ್ರ ಅದರ ಹೊಟ್ಟಿಯೊಳಗ ಗಂಧಾರ ತಾನ ಹುಟ್ಟತೈತಿ. ಹುಟ್ಟಿದ ಗಂಧಾರಕ್ಕ ಪರದೆ ಕಟ್ಟಬೇಕು. ನಿಮ್ಮ ಅಂದಾಜಿಗೆ ಕಟ್ಟಬ್ಯಾಡ್ರಿ," ಎಂದರು. ಅಕ್ಕ ಕಣ್ಣು ಮುಚ್ಚಿ ಕೂತಳು. ಸ್ವಲ್ಪ ಹೊತ್ತಿಗೆ ಅವಳ ಮುಖ ಅರಳಿತು. ನನಗೇನೂ ಕೇಳಿಸಲಿಲ್ಲ. ಆದರೂ "ನನಗೂ ಕೇಳಿಸ್ತು" ಅಂದೆ. ನನಗೆ ಅಂಗಳದಲ್ಲಿ ಕುಂಟಲಿಪಿ ಆಡುವ ಅವಸರವಿತ್ತು. ಅಕ್ಕ ಆ ಪರದೆಗಳನ್ನು ತನ್ನ ಕೈಯಾರೆ ಕಟ್ಟಿದಳು, ಅಪ್ಪ ಒಂದನ್ನೂ ಬದಲಿಸಲಿಲ್ಲ.

ಅಕ್ಕನಿಗೆ ಚಿಕ್ಕಂದಿನಿಂದ ಕಿವಿ ಸೋರುತ್ತಿತ್ತು. ಬೆಳ್ಳುಳ್ಳಿ ಎಣ್ಣೆ ಹಾಕಿದ್ದಾಯಿತು, ಬಾಗಲಕೋಟೆಯ ದವಾಖಾನೆಗೂ ಅಲೆದದ್ದಾಯಿತು. ಇಪ್ಪತ್ತೈದು ದಾಟುವಷ್ಟರಲ್ಲಿ ಎದುರು ನಿಂತು ಕೂಗಿದರೂ ತುಟಿ ನೋಡಿಯೇ ತಿಳಿಯಬೇಕಾಯಿತು. ನೋಡಲು ಬಂದ ಗಂಡುಗಳು ಚುರುಮರಿ ತಿಂದು ಚಹಾ ಕುಡಿದು ಹೋದರು. ಅಪ್ಪನೂ ತೀರಿಹೋದರು. ಅವಳಿಗೆ ಉಳಿದದ್ದು ಸಿತಾರ ಒಂದೇ. ದಂಡಿಗೆ ದವಡೆ ಆನಿಸಿ ತಂತಿ ಮೀಟಿದರೆ ಎಲುಬಿನೊಳಗಿಂದ ಒಂದಿಷ್ಟು ಕೇಳುತ್ತದೆ ಎನ್ನುತ್ತಿದ್ದಳು. "ಸ್ವರ ಕೂಡಿದ್ರ ನಿಂತ ನೀರು ಇದ್ದಂಗ. ಕೂಡಲಿಲ್ಲಂದ್ರ ಗದಗದ ನಡಗತೈತಿ." ಆದರೆ ಬಾರಿಸುವಾಗ ಅವಳು ನಂಬಿದ್ದು ಪರದೆಗಳನ್ನೇ. ಕಿವಿ ಇದ್ದಾಗ ಕಟ್ಟಿದ್ದವು ಅವು. ಬೆರಳು ಅಲ್ಲಿಗೆ ಹೋದರೆ ಸ್ವರ ಅಲ್ಲಿರಲೇಬೇಕು. ಆ ನಂಬಿಕೆಯ ಮೇಲೆ ದಿನಾ ಸಂಜೆ ಬಾರಿಸುತ್ತಿದ್ದಳು.

ನಾನು ಹುನಗುಂದದ ಸಾಲೆಯೊಂದರಲ್ಲಿ ಟೀಚರಾದೆ, ದಿನಾ ಬಸ್ಸು. ಅಲ್ಲಿ ಪ್ರಾರ್ಥನೆಗೆ ಹಾರ್ಮೋನಿಯಂ ಬಾರಿಸುವುದು ನನ್ನ ಪಾಲಿಗೆ ಬಂತು. ನಮ್ಮ ಕಡೆ ಅದಕ್ಕೆ ಪೇಟಿ ಅನ್ನುತ್ತಾರೆ. ಮನೆಗೂ ಒಂದು ಪೇಟಿ ತಂದೆ. ಅಲ್ಪವಿದ್ಯಾ ಮಹಾಗರ್ವಿ ಅಂತಾರಲ್ಲ, ಆ ಮಾತನ್ನು ಆಗ ನನ್ನ ನೋಡಿಯೇ ಹೇಳಬಹುದಿತ್ತು. ಪೇಟಿಯ ಗುಟ್ಟು ನನಗೆ ಗೊತ್ತಾದದ್ದು ಆಮೇಲೆ: ಅದನ್ನು ಮಾಡಿದವರು ಹನ್ನೆರಡೂ ಸ್ವರಗಳನ್ನು ಅಣ್ಣತಮ್ಮಂದಿರು ಹೊಲ ಹಂಚಿಕೊಂಡಂತೆ ಸಮಸಮ ಪಾಲು ಮಾಡಿರುತ್ತಾರೆ. ತಂತಿಯಲ್ಲಿ ತಾನಾಗಿ ಹುಟ್ಟುವ ಗಂಧಾರಕ್ಕಿಂತ ಪೇಟಿಯ ಗಂಧಾರ ತುಸು ಏರು. ಹೀಗಾಗಿ ನಾನು ಅಕ್ಕನ ಜೊತೆಗೆ ಪೇಟಿ ಹಿಡಿದಾಗಲೆಲ್ಲ ಗಂಧಾರ ಬಂದ ಕೂಡಲೇ ಎರಡೂ ಕಚ್ಚಾಡುತ್ತಿದ್ದವು.

ಒಂದು ಸಲ ನಮ್ಮ ಹೆಡ್‌ಮಾಸ್ತರರು ಮನೆಗೆ ಬಂದು, ನಾವಿಬ್ಬರೂ ಕೂಡಿ ಬಾರಿಸಿದ್ದನ್ನು ಕೇಳಿ, ಹೊರಡುವಾಗ ಬಾಗಿಲಲ್ಲಿ ನಿಂತು, "ಟೀಚರ್ರ, ನಿಮ್ಮ ಅಕ್ಕಾರು ಬೇಸೂರ ಬಾರಸ್ತಾರಲ್ರಿ. ಪಾಪ, ಕಿವಿ ಇಲ್ಲ, ಅವರರ ಏನ್ ಮಾಡ್ಯಾರು," ಅಂದರು. ಅಕ್ಕ ಅಲ್ಲೇ ಒಳಗೆ ನಗುತ್ತ ಕೂತಿದ್ದಳು. ನನಗೆ ನಾಚಿಕೆಯಾಯಿತು. ಕರುಣೆಯೂ ಬಂತು ಅಂತ ಸೇರಿಸಬಹುದು, ಆದರೆ ಖರೆ ಹೇಳಬೇಕೆಂದರೆ ಮೊದಲು ಬಂದದ್ದು ನಾಚಿಕೆಯೇ.

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಖಂಡೇನವಮಿ ಬಂತು. ಅಂದು ನಮ್ಮ ಕಡೆ ದುಡಿಯುವ ಸಾಮಾನುಗಳನ್ನೆಲ್ಲ ತೊಳೆದು ಒರೆಸಿ ಪೂಜೆಗೆ ಇಡುತ್ತಾರೆ. ಪೂಜೆಗಿಟ್ಟದ್ದನ್ನು ಮರುದಿನ ಬನ್ನಿ ಕೊಡುವ ಹೊತ್ತಿನವರೆಗೆ ಯಾರೂ ಮುಟ್ಟುವಂತಿಲ್ಲ. ಸಿತಾರ ಒರೆಸುವ ಕೆಲಸ ಪ್ರತಿ ವರ್ಷ ಅಕ್ಕನದು. ಆ ವರ್ಷ ಅವಳು ಹೋಳಿಗೆಗೆ ಕಣಕ ನಾದುತ್ತಿದ್ದಳು. "ನಾ ಒರಸ್ತೇನಿ ಬಿಡು" ಅಂದೆ. ಪೇಟಿಯನ್ನು ಮಗ್ಗುಲಿಗಿಟ್ಟುಕೊಂಡು ಗಂಧಾರದ ಪರದೆಯನ್ನು ಕೆಳಗಿನ ಸೋರೆ ಬುರುಡೆಯ ಕಡೆ ಮೆಲ್ಲಗೆ ತಳ್ಳಿದೆ. ಸ್ವರ ತುಸು ಏರಿ ಪೇಟಿಗೆ ಸರಿಹೊಂದಿತು. ಹಳೆಯ ದಾರ ಕತ್ತರಿಸಿ ಹೊಸ ಕೆಂಪು ಎಳೆ ಕಟ್ಟಿದೆ. ದಂಡಿಯ ಮೇಲೆ ಹಳೆಯ ಕಟ್ಟಿನ ಗೆರೆಯೊಂದು ಉಳಿದಿತ್ತು. ಎಣ್ಣೆ ಬಟ್ಟೆಯಿಂದ ಗಸಗಸ ತಿಕ್ಕಿ ಅದನ್ನೂ ಅಳಿಸಿದೆ. ಕೆಲಸ ಅಚ್ಚುಕಟ್ಟಾಗಿರಬೇಕಲ್ಲ. ಕುಂಕುಮ ಹಚ್ಚಿ, ಹೂ ಏರಿಸಿ, ಪೇಟಿಯ ಪಕ್ಕದಲ್ಲೇ ಇಟ್ಟೆ.

ಮರುದಿನ ಸಂಜೆ ಓಣಿಯವರು ಬನ್ನಿ ಕೊಡಲು ಬಂದರು. "ಬನ್ನಿ ತಗೊಂಡು ಬಂಗಾರದಂಗ ಇರೂಣು" ಎಂದು ಎಲ್ಲರೂ ಎಲ್ಲರ ಕೈಗೆ ಎಲೆ ಕೊಟ್ಟರು. ಅಕ್ಕ ಸಿತಾರ ಎತ್ತಿಕೊಂಡಳು, ನಾನು ಪೇಟಿ. ಗಂಧಾರ ಬಂದಾಗ ಕಚ್ಚಾಟವಿಲ್ಲ. ಹೆಡ್‌ಮಾಸ್ತರರೂ ಬಂದಿದ್ದರು, "ಈಗ ಛಲೋ ಆತ್ ನೋಡ್ರಿ" ಎಂದು ತಲೆದೂಗಿದರು. ನಾನು ಉಬ್ಬಿಹೋದೆ.

ಅಕ್ಕ ಮಾತ್ರ ನಡುವೆಯೇ ನಿಲ್ಲಿಸಿದಳು. ಅವಳ ಬೆರಳು ಹೋದ ಕಡೆ ಪರದೆ ಇರಲಿಲ್ಲ. ಎಲ್ಲರ ಎದುರಿಗೇ ದಂಡಿಗೆ ದವಡೆ ಆನಿಸಿ ದಪ್ಪ ತಂತಿ ಮೀಟಿದಳು, ಗಂಧಾರ ಒತ್ತಿದಳು. ಆಮೇಲೆ ನನ್ನ ಕಡೆ ನೋಡಿದಳು.

"ಇದನ್ನ ಯಾರು ಮುಟ್ಟ್ಯಾರ?"

"ಒರಸೂಮುಂದ ಜರಗಿರಬೇಕಕ್ಕಾ," ಅಂದೆ. ಹೊಸ ದಾರ ಕೆಂಪಗೆ ಅವಳ ಕಣ್ಣೆದುರಿಗೇ ಇತ್ತು. ಅವಳು ಅದರ ಮೇಲೆ ಬೆರಳಾಡಿಸಿ ಸಿತಾರ ಕೆಳಗಿಟ್ಟಳು.

ಬಂದವರು ಹೋದ ಮೇಲೆ ಸರಿಮಾಡಲು ಕೂತಳು. ಗಣಪನ್ನ ಮಾಡಲು ಹೋಗಿ ಅವನಪ್ಪನ್ನ ಮಾಡಿದ್ದೆ ಎಂದು ನನಗೆ ಅರಿವಾದದ್ದು ಆಗ. ನಡುಗುವುದು ಅವಳಿಗೆ ತಿಳಿಯುತ್ತಿತ್ತು. ನಡುಕ ಎಲ್ಲಿ ನಿಲ್ಲುತ್ತದೆಂಬುದನ್ನು ಹುಡುಕುವಷ್ಟು ಆ ಎಲುಬಿಗೂ ಈಗ ಶಕ್ತಿ ಉಳಿದಿರಲಿಲ್ಲ. ಜರುಗಿಸಿದಳು, ದವಡೆ ಇಟ್ಟಳು, ಮತ್ತೆ ಜರುಗಿಸಿದಳು. ಕೊನೆಗೆ ಸಿತಾರವನ್ನು ನನ್ನ ಕಡೆ ತಿರುಗಿಸಿ, "ನಿನಗ ಕಿವಿ ಅದಾವಲ್ಲ ತಂಗೀ. ಅಪ್ಪ ಹೇಳಿದಂಗ ನೀ ಕೇಳಿ ಕಟ್ಟು," ಅಂದಳು.

ನಾನು ದಪ್ಪ ತಂತಿ ಮೀಟಿದೆ. ಕಾದೆ. ಅದರ ಹೊಟ್ಟೆಯಲ್ಲಿ ಏನೂ ಹುಟ್ಟಲಿಲ್ಲ. ನನ್ನ ತಲೆಯ ತುಂಬ ಪೇಟಿಯೇ ಕೂತಿತ್ತು. ಪರದೆಯನ್ನು ಮೇಲೆ ಕೆಳಗೆ ಆಡಿಸಿ, ಎಲ್ಲೋ ಒಂದು ಕಡೆ ನಿಲ್ಲಿಸಿ, ಅಂಗಳಕ್ಕೆ ಓಡುವ ಅವಸರದ ಆ ಹುಡುಗಿಯ ಹಾಗೆಯೇ, "ಕೂಡ್ತು ಅಕ್ಕಾ" ಅಂದೆ.

ಅಕ್ಕ ದವಡೆ ಆನಿಸಿದಳು. ಬಹಳ ಹೊತ್ತು ಆನಿಸಿಕೊಂಡೇ ಇದ್ದಳು. ಆಮೇಲೆ ತಲೆ ಎತ್ತಿ, "ಹೂಂ, ಸರಿ ಐತಿ" ಎಂದು ನನ್ನ ಬೆನ್ನು ಸವರಿದಳು. ನಾನು ನಂಬಿದೆ. ನಂಬುವುದು ನನಗೆ ಅನುಕೂಲವಾಗಿತ್ತು.

ಆಮೇಲೆ ಅವಳು ಸಿತಾರ ಬಾರಿಸಲಿಲ್ಲ. ಮೊದಲು ಬೆರಳು ನೋವು ಅಂದಳು, ಆಮೇಲೆ ಕೆಲಸ ಅಂದಳು. ಸಿತಾರಕ್ಕೆ ಹಳೆ ಸೀರೆಯ ಗವಸು ಹೊಲಿದು ಗೋಡೆಗೆ ತೂಗುಹಾಕಿದಳು. ಸಂಜೆಯಾದರೆ ಕಟ್ಟೆಯ ಮೇಲೆ ಕೈಕಟ್ಟಿ ಕೂಡುತ್ತಿದ್ದಳು. ಖಂಡೇನವಮಿಗೆ ಮಾತ್ರ ಗವಸಿನ ಮೇಲೆಯೇ ಕುಂಕುಮ ಹಚ್ಚುತ್ತಿದ್ದಳು. ನಾನೂ ಕೇಳಲಿಲ್ಲ. ಕೇಳಿದ್ದರೆ ಅವಳು ಇನ್ನೊಂದು ಸುಳ್ಳು ಹೇಳಬೇಕಾಗುತ್ತಿತ್ತು. ಎಂಬತ್ತರ ದಶಕ ಮುಗಿಯುವ ಮುಂಚೆ, ಕಣ್ಣು ಮೈ ಹಳದಿಯಾಗುವ ಕಾಮಣಿ ಬೇನೆ ಆಗಿ ಹೋಗಿಬಿಟ್ಟಳು.

ಅವಳು ಹೋದ ಮೇಲಿನ ಮೊದಲ ಖಂಡೇನವಮಿಗೆ ಗವಸು ಬಿಚ್ಚಿದೆ. ದಂಡಿಯಲ್ಲಿ ಅವಳ ದವಡೆ ತಾಗಿ ತಾಗಿ ನುಣುಪಾದ ಒಂದು ಜಾಗವಿತ್ತು. ಪರೀಕ್ಷೆಗೆಂದಲ್ಲ, ಅವಳ ಮುಖ ಇದ್ದ ಕಡೆ ನನ್ನ ಮುಖ ಇಡಬೇಕೆನಿಸಿ ಅಲ್ಲಿ ದವಡೆ ಇಟ್ಟೆ. ದಪ್ಪ ತಂತಿ ಮೀಟಿದೆ. ಯಾವ ಅವಸರವೂ ಇರಲಿಲ್ಲ, ಸುಮ್ಮನೆ ಕೂತೆ. ಷಡ್ಜ ಕರಗುತ್ತ ಹೋದ ಹಾಗೆ ಅದರೊಳಗಿಂದ ಸಣ್ಣಗೆ, ತಾನಾಗಿಯೇ, ಗಂಧಾರ ಬಂತು. ಮೂವತ್ತರ ಹತ್ತಿರ ಬಂದ ನಾನು ಅದನ್ನು ಮೊದಲ ಸಲ ಕೇಳಿದೆ.

ಆಮೇಲೆ ನಾನೇ ಕಟ್ಟಿದ ಪರದೆಯ ಮೇಲೆ ಒತ್ತಿ ಮೀಟಿದೆ. ಗದಗದ ನಡುಗಿತು. ಹಲ್ಲಿನವರೆಗೂ ನಡುಗಿತು. ಕಿವಿಯೇ ಬೇಡ, ಎಂಥ ಕಿವುಡರಿಗೂ ಗೊತ್ತಾಗುವಂತಿತ್ತು. ಅವತ್ತು ಅಕ್ಕ ಅಷ್ಟು ಹೊತ್ತು ದವಡೆ ಆನಿಸಿ ಕೂತದ್ದು ಇದನ್ನು ಕೇಳುತ್ತ. ಕೇಳಿಯೂ ಸರಿ ಐತಿ ಅಂದಳು, ನನ್ನ ಬೆನ್ನು ಸವರಿದಳು, ಸಿತಾರಕ್ಕೆ ಗವಸು ಹಾಕಿದಳು.

ಪರದೆಯನ್ನು ಹಿಂದಕ್ಕೆ ಜರುಗಿಸಿದೆ. ಒಂದು ಜೋಳದ ಕಾಳಿನಷ್ಟು. ನಡುಕ ನಿಂತಿತು. ಕೆಂಪು ದಾರ ಬಿಗಿದು, ಖಾಲಿ ಕಟ್ಟೆಯ ಕಡೆ ತಿರುಗಿ, "ಕೂಡ್ತು ಅಕ್ಕಾ" ಅಂದೆ. ಆ ಸಲ ಸುಳ್ಳು ಹೇಳಲಿಲ್ಲ.